60 ಡಿಗ್ರಿಯ ನಂಬಿಕೆ

ಕಾರ್ಟೂನ್ ತಾನೇ ಅಂತ ಶನಿವಾರ ರಾತ್ರಿ ‘ವೆನ್ ದ ವಿಂಡ್ ಬ್ಲೋಸ್’ ಹಾಕಿಕೊಂಡು ಕೂತೆ. ರೇಮಂಡ್ ಬ್ರಿಗ್ಸ್ ಪುಸ್ತಕ ಆಧರಿಸಿ ಜಿಮ್ಮಿ ಮುರಕಾಮಿ ನಿರ್ದೇಶಿಸಿದ 1986ರ ಬ್ರಿಟಿಷ್ ಚಿತ್ರ. ಇಂಗ್ಲೆಂಡಿನ ಹಳ್ಳಿಮನೆಯಲ್ಲಿ ವಯಸ್ಸಾದ ಜಿಮ್ ಮತ್ತು ಹಿಲ್ಡಾ. ಅಣುಯುದ್ಧ ಬರುತ್ತೆ ಅಂದಾಗ ಜಿಮ್ ಸರ್ಕಾರಿ ಕೈಪಿಡಿ ನೋಡಿ, ಮನೆಯ ಬಾಗಿಲುಗಳನ್ನು ಕಳಚಿ, ಗೋಡೆಗೆ ಸರಿಯಾಗಿ 60 ಡಿಗ್ರಿ ಓರೆಯಾಗಿ ನಿಲ್ಲಿಸುತ್ತಾನೆ. ಬಾಂಬ್ ಬೀಳೋಕೆ ಮೂರೇ ನಿಮಿಷ ಅಂದಾಗಲೂ ಹಿಲ್ಡಾಗೆ ಕೇಕ್ ಸೀದುಹೋಗುತ್ತಲ್ಲ ಅನ್ನೋ ಚಿಂತೆ.

ಬಾಂಬ್ ಬಿದ್ದ ಮೇಲೂ ಇಬ್ಬರೂ ಸರ್ಕಾರದ ನೆರವಿಗೆ ಕಾಯುತ್ತಾರೆ. ವಿಕಿರಣ ಮೈಯನ್ನು ತಿನ್ನುತ್ತಾ ಹೋಗುತ್ತೆ. ಯಾರೂ ಬರಲ್ಲ.

ಮೊದಲು ನಗು ಬಂತು, ಆಮೇಲೆ ಸಿಟ್ಟು: ಇಷ್ಟು ಪೆದ್ದರಾ? ಆದರೆ ಅಂಥ ಕೈಪಿಡಿ ಕಟ್ಟುಕಥೆಯಲ್ಲ. ‘ಪ್ರೊಟೆಕ್ಟ್ ಅಂಡ್ ಸರ್ವೈವ್’ ಅನ್ನೋ ಹೆಸರಲ್ಲಿ ಬ್ರಿಟನ್ ಸರ್ಕಾರವೇ 1980ರಲ್ಲಿ ಪ್ರಕಟಿಸಿತ್ತು. ಹಾಗಾದರೆ ತಪ್ಪು ನಂಬಿದವರದಾ, ನಂಬಿಸಿದವರದಾ?

ನಂಬಿಸಿದವರದೇ ಅಂದುಬಿಟ್ಟರೆ ನಾನು ಆರಾಮಾಗಿ ಮಲಗಬಹುದು. ಆದರೆ ಬಾಗಿಲು ಎಷ್ಟು ಓರೆ ಅಂತ ಅಷ್ಟು ತಲೆ ಕೆಡಿಸಿಕೊಳ್ಳುವ ಜಿಮ್, ಇದು ನಿಜಕ್ಕೂ ಜೀವ ಉಳಿಸುತ್ತಾ ಅಂತ ಕೇಳೋದೇ ಇಲ್ಲ. ಮಾಡೋಕೆ ಕೈತುಂಬ ಕೆಲಸ ಸಿಕ್ಕರೆ ಭಯ ಕಮ್ಮಿಯಾಗುತ್ತೆ, ಅದರ ಜೊತೆ ಪ್ರಶ್ನೆಯೂ ಹೋಗಿಬಿಡುತ್ತೆ.

ಸೋಮವಾರ ಆಫೀಸಿನಲ್ಲಿ ಚೆಕ್‌ಲಿಸ್ಟ್ ತುಂಬುವಾಗ ಜಿಮ್ ನೆನಪಾದ. ನಾನೂ ಸುಮ್ಮನೆ ಟಿಕ್ ಹಾಕುತ್ತಾ ಹೋಗುತ್ತಿದ್ದೆ.