ಕಾಶಿಯ ಬಿಂದುಮಾಧವ



ಕಾಶಿಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಭಾಗೀರಥಿ ಮತ್ತು ವಿಶ್ವನಾಥ. ಆ ಪುಣ್ಯನಗರಿಯು ಶ್ರೀಹರಿಯ ಸನ್ನಿಧಾನದಿಂದಲೂ ಪಾವನವಾದುದೆಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದೇವೆ. ಕಾರ್ತಿಕಸ್ನಾನದ ನಿಮಿತ್ತದಿಂದ ಆ ವಿಷಯವನ್ನು ಕಿಂಚಿತ್ ಸ್ಮರಿಸೋಣ.

ವರಣಾ ಮತ್ತು ಅಸಿ ಎಂಬ ನದಿಗಳ ನಡುವಣ ಭೂಮಿಯೇ ವಾರಾಣಸಿ. ವರಣೆಯು ಗಂಗೆಯನ್ನು ಕೂಡುವಲ್ಲಿ ಆದಿಕೇಶವನಿದ್ದಾನೆ. 11 ಮತ್ತು 12ನೆಯ ಶತಮಾನಗಳಲ್ಲಿ ಆಳಿದ ಗಾಹಡವಾಲ ಅರಸರು ಈ ಸನ್ನಿಧಿಯನ್ನು ವಿಶೇಷವಾಗಿ ಆದರಿಸಿದರೆಂಬುದಕ್ಕೆ ಅವರ ತಾಮ್ರಶಾಸನಗಳೇ ಸಾಕ್ಷಿ. ಪಂಚಗಂಗಾ ಘಟ್ಟದ ಮೇಲೆ ಬಿಂದುಮಾಧವನಿದ್ದಾನೆ. ಅಗ್ನಿಬಿಂದುವೆಂಬ ಋಷಿಯು, ಭಗವಂತನು ಸಕಲರ ಹಿತಕ್ಕಾಗಿ ಅಲ್ಲಿಯೇ ನೆಲೆಸಬೇಕೆಂದು ಬೇಡಿದನು. ಸ್ವಾಮಿಯು ಭಕ್ತನ ಹೆಸರಿನ ಅರ್ಧವನ್ನು ತನ್ನ ಹೆಸರಿಗೆ ಸೇರಿಸಿಕೊಂಡು ಬಿಂದುಮಾಧವನಾದನೆಂದು ಕಾಶೀಖಂಡವು ಹೇಳುತ್ತದೆ. ಭಕ್ತನ ಹೆಸರನ್ನು ಮುಂದಿಟ್ಟು ತನ್ನದನ್ನು ಹಿಂದಿಟ್ಟುಕೊಂಡ ಸ್ವಾಮಿಯ ಕಾರುಣ್ಯವನ್ನು ಏನೆಂದು ಬಣ್ಣಿಸೋಣ!

1665ರಲ್ಲಿ ಕಾಶಿಗೆ ಬಂದ ಫ್ರೆಂಚ್ ಪ್ರವಾಸಿ ತವೆರ್ನಿಯೆ ಈ ದೇವಾಲಯದ ವೈಭವವನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಕೆಲವೇ ವರ್ಷಗಳಲ್ಲಿ, ಔರಂಗಜೇಬನ ಕಾಲದಲ್ಲಿ, ಅದು ನಾಶವಾಯಿತು. ಆ ಸ್ಥಳದಲ್ಲಿ ಇಂದು ಮಸೀದಿಯಿದೆ. 1669ರಲ್ಲಿ ವಿಶ್ವನಾಥಮಂದಿರಕ್ಕೂ ಅದೇ ಗತಿಯಾಗಿ, 18ನೆಯ ಶತಮಾನದಲ್ಲಿ ಅಹಲ್ಯಾಬಾಯಿ ಹೋಳ್ಕರರು ಅದನ್ನು ಪುನಃ ಕಟ್ಟಿಸಿದರು. ಬಿಂದುಮಾಧವನಿಗಾದರೋ ಹಿಂದಿನಂತಹ ಶಿಖರವು ಮತ್ತೆ ಏಳಲಿಲ್ಲ. ಸಮೀಪದಲ್ಲಿಯೇ, ಹೊರಗಿನಿಂದ ಮನೆಯಂತೆ ಕಾಣುವ ಕಟ್ಟಡದಲ್ಲಿ ಸ್ವಾಮಿಯು ಪೂಜೆಗೊಳ್ಳುತ್ತಿದ್ದಾನೆ.

ಹಾಗಾದರೆ ದೇವಾಲಯವು ಬಿದ್ದಾಗ ದೇವರ ಮಹಿಮೆಗೆ ಕುಂದು ಬಂದಿತೇ? ಎಂದಿಗೂ ಇಲ್ಲ. ಪ್ರತಿಮೆಯೇ ದೇವರಲ್ಲ, ಪ್ರತಿಮೆಯಲ್ಲಿ ದೇವರು ಸನ್ನಿಹಿತನಾಗಿದ್ದಾನೆ ಎಂಬುದು ಶ್ರೀಮದಾಚಾರ್ಯರು ನಮಗೆ ತಿಳಿಸಿಕೊಟ್ಟ ತತ್ತ್ವ. ಜಲವು ಜಡ, ಅದರ ಅಭಿಮಾನಿದೇವತೆ ಗಂಗೆ, ಆಕೆಯ ಅಂತರ್ಯಾಮಿ ಶ್ರೀಹರಿ. ಕಲ್ಲನ್ನು ಕೆಡಹಬಹುದು, ಸನ್ನಿಧಾನವನ್ನು ಕೆಡಹುವವರಾರು? ಆದುದರಿಂದಲೇ ಇಂದಿಗೂ ಕಾರ್ತಿಕದಲ್ಲಿ ಪಂಚಗಂಗೆಯ ದಡದಲ್ಲಿ ಬಿದಿರುಗಳಗಳ ತುದಿಗೆ ಬುಟ್ಟಿಗಳಲ್ಲಿ ಆಕಾಶದೀಪಗಳು ಏರುತ್ತಿವೆ. ಹಳೆಯ ಗಾಯವನ್ನು ನೆನೆದು ದ್ವೇಷವನ್ನು ಹೊತ್ತು ಗಂಗೆಗೆ ಇಳಿದವನು ಮೈಯನ್ನಷ್ಟೇ ತೊಳೆದುಕೊಂಡಾನು.

ಇನ್ನೊಂದು ಮಾತು. ವಿಶ್ವನಾಥನು ಶೈವರ ದೇವರು, ನಮಗೇಕೆ ಎನ್ನುವವರು ನಮ್ಮ ಮನೆಗಳಲ್ಲಿ ಇಲ್ಲದಿಲ್ಲ. ರುದ್ರದೇವರು ಪರಮವೈಷ್ಣವರು, ಮನೋನಿಯಾಮಕರು. ಅವರನ್ನು ಅನಾದರಿಸಿ ಮಾಧವನ ಬಳಿಗೆ ಹೋಗುವುದು ಸಿದ್ಧಾಂತಕ್ಕೆ ಒಪ್ಪುವುದಲ್ಲ.

2021ರಲ್ಲಿ ವಿಶ್ವನಾಥಧಾಮದ ವಿಶಾಲವಾದ ಪ್ರಾಂಗಣವು ತೆರೆದ ಮೇಲೆ ದರ್ಶನವು ಸುಲಭವಾಗಿದೆ. ಬೆಳಿಗ್ಗೆ ವಿಮಾನದಲ್ಲಿ ಇಳಿದು ಸಂಜೆಗೆ ಹಿಂದಿರುಗುವವರೂ ಇದ್ದಾರೆ. ನಮ್ಮ ಹಿರಿಯರಾದರೋ ಮರಳಿ ಬರುವ ಭರವಸೆಯಿಲ್ಲದೆ, ಮನೆಯವರಿಗೆಲ್ಲ ಹೇಳಿ ಹೊರಡುತ್ತಿದ್ದರು. ಅವರ ಕಷ್ಟ ನಮಗೆ ಬೇಡ. ಅವರ ಶ್ರದ್ಧೆಯಾದರೂ ನಮಗೆ ಬೇಡವೇ? ಮುಂದಿನ ಯಾತ್ರೆಯಲ್ಲಿ ಒಂದು ದಿನವನ್ನು ಹೆಚ್ಚಾಗಿ ಇಟ್ಟುಕೊಳ್ಳೋಣ. ಪಂಚಗಂಗೆಯಲ್ಲಿ ಸಂಕಲ್ಪಪೂರ್ವಕವಾಗಿ ಮಿಂದು, ಕಡಿದಾದ ಮೆಟ್ಟಿಲುಗಳನ್ನೇರಿ, ಮಕ್ಕಳಿಗೆ ಅಗ್ನಿಬಿಂದುವಿನ ಕಥೆಯನ್ನು ಹೇಳುತ್ತಾ ಬಿಂದುಮಾಧವನನ್ನು ಕಾಣೋಣ. ಹೋಗಲಾರದವರು ಮನೆಯ ಕಲಶೋದಕದಲ್ಲಿಯೇ ಗಂಗೆಯನ್ನೂ ಗಂಗಾಜನಕನನ್ನೂ ಅನುಸಂಧಾನ ಮಾಡಲಿ. ಸ್ವಾಮಿಯು ಅಲ್ಲಿಯೂ ದೂರದವನಲ್ಲ.

ಶ್ರೀಕೃಷ್ಣಾರ್ಪಣಮಸ್ತು.