ನಾಳೆ ಬಿಚ್ಚುವ ಕೈ

ಮುಖ ಕಂಡವರಿಗೆ ಉಪಕಾರ ಮಾಡುವುದು ಅಷ್ಟೇನೂ ಕಷ್ಟವಲ್ಲ. ಪಕ್ಕದ ಮನೆಯವರಿಗೆ ಹೆಪ್ಪಿಗೆಂದು ಒಂದು ಸೌಟು ಮೊಸರು ಕೊಡುತ್ತೇವೆ. ನಾಳೆ ಅವರ ಹಿತ್ತಲಿನ ಕರಿಬೇವು ನಮ್ಮ ಒಗ್ಗರಣೆಗೆ ಬರುತ್ತದೆ. ಆದರೆ ನಾವೆಂದೂ ಕಾಣದ, ಹೆಸರೂ ತಿಳಿಯದ, ಬಹುಶಃ ಇನ್ನೂ ಹುಟ್ಟಿಯೇ ಇರದ ಒಬ್ಬರ ಋಣ ನಮ್ಮ ಮೇಲಿದೆಯೆ? ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟದ್ದು ನನ್ನ ತಮ್ಮ ಮನೆಯಲ್ಲೇ ಕಟ್ಟುವ ವಾಲ್ವ್ ಆಂಪ್ಲಿಫೈಯರಿನ ಒಳಗಿನ ಒಂದು ಪುಟ್ಟ ರೆಸಿಸ್ಟರ್.

ನಾನು ಓದಿದ್ದು ಬಿ.ಎ., ಬಿ.ಎಡ್.; ಕಲಿಸುವುದು ಕನ್ನಡ ಮತ್ತು ಸಮಾಜ. ವಿದ್ಯುತ್ತಿನ ಬಗ್ಗೆ ನನಗೆ ತಿಳಿದದ್ದೆಲ್ಲ ತಮ್ಮನಿಂದ ಕೇಳಿ, ಅಡುಗೆಮನೆಯ ಭಾಷೆಗೆ ತಿರುಗಿಸಿಕೊಂಡದ್ದು. ವಾಲ್ವ್ ಎಂದರೆ ಹಳೆಯ ರೇಡಿಯೋಗಳೊಳಗೆ ಕೆಂಡದಂತೆ ಮಿನುಗುತ್ತಿದ್ದ ಗಾಜಿನ ಕೊಳವೆ. ಅವನ ಆಂಪ್ಲಿಫೈಯರಿನ ವಾಲ್ವುಗಳಿಗೆ ಸುಮಾರು 350 ವೋಲ್ಟಿನ, ಏರಿಳಿತವಿಲ್ಲದ ವಿದ್ಯುತ್ತು ಬೇಕು. ಗೋಡೆಯ ಪ್ಲಗ್ಗಿನಲ್ಲಿ ಬರುವುದೋ ಸೆಕೆಂಡಿಗೆ 50 ಸಲ ಉಯ್ಯಾಲೆಯಂತೆ ಹಿಂದೆ ಮುಂದೆ ತೂಗುವ 230 ವೋಲ್ಟು. ಟ್ರಾನ್ಸ್‌ಫಾರ್ಮರ್ ಅದನ್ನು ಏರಿಸುತ್ತದೆ. ರೆಕ್ಟಿಫೈಯರ್ ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಆಗಲೂ ಅದು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತಲೇ ಇರುತ್ತದೆ. ಹಾಗೇ ಬಿಟ್ಟರೆ ಹಾಡಿನ ಹಿಂದೆ ಗುಂಯ್ ಎನ್ನುವ ಮೊರೆತ ಕೇಳುತ್ತದೆ. ಅದನ್ನು ಅಡಗಿಸಲು ಚೋಕ್, ಕೆಪಾಸಿಟರ್‌ಗಳಿವೆ. ಕೆಪಾಸಿಟರ್ ನಮ್ಮ ಬಚ್ಚಲಿನ ತೊಟ್ಟಿಯ ಹಾಗೆ. ನಲ್ಲಿಯಲ್ಲಿ ನೀರು ಬಿಟ್ಟು ಬಿಟ್ಟು ಬಂದರೂ ತೊಟ್ಟಿಯಿಂದ ಒಂದೇ ಸಮನೆ ಸಿಗುತ್ತದೆ.

ಅಪಾಯವಿರುವುದೂ ಆ ತೊಟ್ಟಿಯಲ್ಲೇ. ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ತುಂಬಿದ್ದು ಉಳಿದಿರಬಹುದು. ಮುಟ್ಟಿದವರ ಜೀವಕ್ಕೇ ಎರವಾಗಬಹುದು. ಎಲ್ಲವೂ ಸರಿಯಿದ್ದರೆ ಇನ್ನೂ ಬಿಸಿಯಾಗಿರುವ ವಾಲ್ವುಗಳೇ ಅದನ್ನು ಬಹುಮಟ್ಟಿಗೆ ಹೀರಿಬಿಡುತ್ತವೆ. ವಾಲ್ವ್ ಸುಟ್ಟಿದ್ದರೆ, ತಂತಿ ಕಡಿದಿದ್ದರೆ ಹೀರುವುದಕ್ಕೆ ಯಾರೂ ಇಲ್ಲ. ನೋಡಿ, ಚೆನ್ನಾಗಿ ಹಾಡುತ್ತಿರುವ ಪೆಟ್ಟಿಗೆಯನ್ನು ಯಾರು ಬಿಚ್ಚುತ್ತಾರೆ? ಕೆಟ್ಟಾಗಲೇ ಬಿಚ್ಚುವುದು. ಅಪಾಯ ಹೊಂಚು ಹಾಕಿರುವುದೂ ಆಗಲೇ.

ಇದಕ್ಕೆಂದೇ ಬ್ಲೀಡರ್ ಎಂಬ ರೆಸಿಸ್ಟರನ್ನು ಕೆಪಾಸಿಟರಿನ ಎರಡು ತುದಿಗಳಿಗೆ ಬೆಸೆಯುತ್ತಾರೆ. ತೊಟ್ಟಿಯ ತಳದ ಸಣ್ಣ ತೂತಿನಂತೆ ಅದು ಸದಾ ಜಿನುಗಿಸುತ್ತಿರುತ್ತದೆ. 47 ಮೈಕ್ರೋಫ್ಯಾರಡ್ ಕೆಪಾಸಿಟರಿಗೆ 2,20,000 ಓಮ್‌ನ ಬ್ಲೀಡರ್ ಇದ್ದರೆ, 350 ವೋಲ್ಟು ಒಂದು ನಿಮಿಷದೊಳಗೆ ಎರಡು ಮೂರು ವೋಲ್ಟಿಗೆ ಇಳಿದಿರುತ್ತದೆ. ಅದರ ಬೆಲೆ ಕೆಲವೇ ರೂಪಾಯಿ. ಹಾಡು ನಡೆಯುವಷ್ಟು ಹೊತ್ತೂ ಅದು ಅರ್ಧ ವ್ಯಾಟಿಗೂ ತುಸು ಹೆಚ್ಚು ವಿದ್ಯುತ್ತನ್ನು ಸುಮ್ಮನೆ ಸುಡುತ್ತದೆ. ಹಾಡಿನ ಇಂಪು ಅದರಿಂದ ಎಳ್ಳಷ್ಟೂ ಹೆಚ್ಚುವುದಿಲ್ಲ.

ಒಮ್ಮೆ ರಜೆಗೆ ಬಂದಿದ್ದ ನನ್ನ ಮಗ ಕೇಳಿಯೇಬಿಟ್ಟ: “ಮಾಮ, ಇದನ್ನ ಬಿಚ್ಚೋರು ನೀವೊಬ್ಬರೇ. ನಿಮಗೆ ಎಲ್ಲ ಗೊತ್ತು. ಮತ್ತೆ ಸುಮ್ಮನೆ ಕರೆಂಟ್ ಯಾಕೆ ಹಾಳು ಮಾಡೋದು?”

ತಮ್ಮ ಬೆಸುಗೆ ಹಾಕುತ್ತಲೇ, “ನಾನು ಹೋದ ಮೇಲೂ ಇದು ಇರುತ್ತಲ್ಲೋ” ಎಂದ.

“ಗೊತ್ತಿಲ್ಲದವರು ಯಾಕೆ ಕೈ ಹಾಕಬೇಕು?”

ಈ ಮಾತನ್ನು ನಾವೂ ದಿನಕ್ಕೆ ಹತ್ತು ಸಲ ಆಡುತ್ತೇವೆ. ಮಗು ಬಿಸಿ ಪಾತ್ರೆ ಮುಟ್ಟಿದರೆ, ಹೊಸ ಸೊಸೆ ಮಿಕ್ಸಿ ಕೆಡಿಸಿದರೆ ನಮ್ಮ ಬಾಯಿಗೆ ಮೊದಲು ಬರುವುದು ಇದೇ. ಆದರೆ ತಿಳಿಯದಿರುವುದೇ ಅಪರಾಧವಾದರೆ ಜಗತ್ತಿನಲ್ಲಿ ನಿರಪರಾಧಿಗಳು ಯಾರು? ಪೆಟ್ಟಿಗೆಯೊಳಗೆ ಅಪಾಯವಿದೆಯೆಂದು ಕಟ್ಟಿದವನಿಗೆ ಗೊತ್ತು, ಬಿಚ್ಚುವವನಿಗೆ ಗೊತ್ತಿಲ್ಲ. ತಿಳಿವಳಿಕೆ ಬಂದ ಗಳಿಗೆಯಲ್ಲೇ ತಿಳಿಯದವರ ಹೊಣೆಯೂ ಹೆಗಲೇರುತ್ತದೆ ಎಂದು ನನಗನ್ನಿಸುತ್ತದೆ.

ಒಳ್ಳೆಯ ಟೈಲರ್ ರವಿಕೆಯ ಒಳಗೆ ಒಂದಿಷ್ಟು ಬಟ್ಟೆ ಹೆಚ್ಚು ಬಿಟ್ಟು ಹೊಲಿಯುತ್ತಾನೆ. ಹೊರಗಿನಿಂದ ಅದು ಕಾಣದು. ನಮ್ಮಮ್ಮನ ರೇಷ್ಮೆ ರವಿಕೆಯ ಹೊಲಿಗೆ ಬಿಚ್ಚಿ ಸಡಿಲಿಸಿ ನಾನು ತೊಟ್ಟಾಗ, ಆ ಅಂಚನ್ನು ಬಿಟ್ಟ ಮನುಷ್ಯನ ಮುಖವನ್ನೂ ನಾನು ನೋಡಿರಲಿಲ್ಲ. ಆದರೂ ಅವನ ಉಪಕಾರ ನನಗೆ ತಿಳಿಯಿತು. ಬ್ಲೀಡರಿನ ಉಪಕಾರಕ್ಕೆ ಆ ಭಾಗ್ಯವೂ ಇಲ್ಲ. ಅದರಿಂದ ಉಳಿದವರಿಗೆ ತಾವು ಉಳಿದದ್ದೇ ಗೊತ್ತಾಗುವುದಿಲ್ಲ. ಕಟ್ಟಿದವನಿಗೂ ತಾನು ಯಾರನ್ನು ಉಳಿಸಿದೆನೆಂದು ತಿಳಿಯದು. ಹೊಗಳಿಕೆ, ಕೃತಜ್ಞತೆ, ಪುಣ್ಯದ ಲೆಕ್ಕ ಯಾವುದೂ ಇಲ್ಲದ ಕಡೆ ಮಾಡುವ ಕೆಲಸವಿದು.

ಇಷ್ಟಾಗಿಯೂ, ತಮ್ಮ ತಾನೇ ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚಿದಾಗ ಮೊದಲು ಮೀಟರ್ ಹಿಡಿದು ನೋಡುತ್ತಾನೆ. “ನೀನೇ ಹಾಕಿದ್ದನ್ನ ನೀನೇ ನಂಬಲ್ವೇನೋ?” ಎಂದು ಕೇಳಿದೆ. “ಅದೂ ಸುಟ್ಟುಹೋಗಿರಬಹುದು ಅಕ್ಕ” ಎಂದ.

ಹೊಣೆಯನ್ನು ನಾವು ಸಾಮಾನ್ಯವಾಗಿ ಅರ್ಧರ್ಧ ಹಂಚಿಕೊಳ್ಳುತ್ತೇವೆ. ಮಗುವಿನ ಓದು ಮೇಷ್ಟರ ಪಾಲಿಗೆ, ನಡತೆ ತಾಯಿತಂದೆಯರ ಪಾಲಿಗೆ. ನನ್ನ ಶಾಲೆಯಲ್ಲಿ ಕಂಡಂತೆ, ಈ ಎರಡು ಅರ್ಧಗಳ ನಡುವಿನ ಸಂದಿಯಲ್ಲೇ ಮಕ್ಕಳು ಕೈ ಜಾರುವುದು. ಬಿಚ್ಚುವವರು ಏನನ್ನೂ ಪರೀಕ್ಷಿಸುವುದಿಲ್ಲವೆಂದೇ ತಿಳಿದು ಕಟ್ಟಬೇಕು. ಕಟ್ಟಿದವರು ಏನನ್ನೂ ಮಾಡಿಲ್ಲವೆಂದೇ ತಿಳಿದು ಬಿಚ್ಚಬೇಕು. ಹೊಣೆ ಇಬ್ಬರಿಗೂ ಪೂರ್ತಿಯಾಗಿಯೇ ಇರಲಿ. ಹೆಚ್ಚಾದದ್ದು ವ್ಯರ್ಥವೆನಿಸಿದರೆ, ಅರ್ಧ ವ್ಯಾಟಿನಷ್ಟು ವ್ಯರ್ಥವನ್ನು ನಮ್ಮ ಸಂಸಾರಗಳು ತಡೆದುಕೊಂಡಾವು.