ಕಾಣದ ಹಾನಿಯ ಹೊಣೆ

ಕಣ್ಣಿಗೆ ಕಾಣದ ಹಾನಿಗೆ ಹೊಣೆಯುಂಟೆ? 1989ರ ಮಾರ್ಚ್ 24ರಂದು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಕೊಲ್ಲಿಯಲ್ಲಿ ‘ಎಕ್ಸಾನ್ ವಾಲ್ಡೀಜ್’ ಹಡಗು ಬಂಡೆಗೆ ತಗುಲಿ, ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲವು ಕಡಲಿಗೆ ಹರಿಯಿತು. ನೀರಿನ ಮೇಲೆ ತೇಲುವ ಇಂತಹ ತೈಲವನ್ನು ಇಂದು ಉಪಗ್ರಹದ ರಾಡಾರ್ ಗುರುತಿಸಬಲ್ಲದು. ಕರಗಿದ ವಿಷವನ್ನು ಅದು ಕಾಣಲಾರದು. ನೂರು ಕೋಟಿ ಭಾಗ ನೀರಿನಲ್ಲಿ ಕೆಲವೇ ಭಾಗದಷ್ಟಿರುವ ತೈಲಾಂಶವೂ ಸಾಲ್ಮನ್ ಮೀನಿನ ಭ್ರೂಣಗಳಿಗೆ ಹಾನಿಕರವೆಂದು ಅನಂತರದ ಪರೀಕ್ಷೆಗಳು ತೋರಿಸಿದವು. ತೀರದ ಕಲ್ಲುಗಳಡಿಯಲ್ಲಿ ತೈಲವು ದಶಕಗಳ ಬಳಿಕವೂ ಉಳಿದಿತ್ತು.

ಪರೀಕ್ಷಿಸುವ ಶಕ್ತಿಯಿದ್ದೂ ಪರೀಕ್ಷಿಸದವನು ‘ತಿಳಿದಿರಲಿಲ್ಲ’ ಎಂದರೆ ಅದು ಅಜ್ಞಾನವಲ್ಲ, ಪ್ರಮಾದ. ಕಡಲ ಮೇಲ್ಮೈ ತಿಳಿಯಾದ ಮಾತ್ರಕ್ಕೆ ಹೊಣೆ ತೀರದು. ಅದರಲ್ಲಿನ ಜೀವಿಗಳ ಸಂತತಿ ನಿರಾತಂಕವಾಗಿ ಬೆಳೆಯುವವರೆಗೂ ಆ ಲೆಕ್ಕ ತೆರೆದೇ ಇರುತ್ತದೆ.